ಬೇಯುವ ತನಕ ಬೀಗ

ನನ್ನ ಹೆಸರು ದೂರಿನಲ್ಲಿ ಮೂರು ಸಲ ಬಂದಿದೆ, ಇಲ್ಲಿ ಮತ್ತೆ ಬೇಡ. ವಯಸ್ಸು 46. ಉದ್ಯೋಗ: ಉಪಗ್ರಹದ ಕ್ಯಾಮೆರಾವನ್ನು ತಣ್ಣಗಿಡುವ ಕೂಲರ್ ತಯಾರಿಸುವ ಪ್ರಯೋಗಾಲಯದಲ್ಲಿ ಹಿರಿಯ ಎಂಜಿನಿಯರ್. ವಾಸ: ಅದೇ ಆವರಣದ ಸಿಬ್ಬಂದಿ ವಸತಿ, ಎರಡನೇ ಮಹಡಿ, ಅತ್ತೆಯವರೊಂದಿಗೆ. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಸದರಿ ಕೂಲರ್ ಕ್ಯಾಮೆರಾವನ್ನು ಸೊನ್ನೆಗಿಂತ ಇನ್ನೂರು ಡಿಗ್ರಿ ಕೆಳಗಿಡಬೇಕು. ಅದರೊಳಗೆ ಹೀಲಿಯಂ ತುಂಬಿ ಶಾಶ್ವತವಾಗಿ ಮುಚ್ಚುತ್ತೇವೆ. ಅದಕ್ಕೂ ಮೊದಲು, ಗಾಳಿ ಹೊರತೆಗೆದ ಒಲೆಯಲ್ಲಿಟ್ಟು ಕಾಯಿಸಿ ಒಳಗಿನ ತೇವವನ್ನು ಓಡಿಸಬೇಕು. ತೇವ ಉಳಿದರೆ ಮುಂದೆ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಬಿಚ್ಚಿ ಸರಿಮಾಡಲು ಆಕಾಶದಲ್ಲಿ ಮೆಕ್ಯಾನಿಕ್ ಇಲ್ಲ. ಹಿಂದಿನ ಕೂಲರನ್ನು ಅವಸರದಲ್ಲಿ ಮುಚ್ಚಿದ್ದರಿಂದ ಅದು ಪರೀಕ್ಷೆಯಲ್ಲೇ ನಾಲ್ಕನೇ ತಿಂಗಳಿಗೆ ಸತ್ತಿತು. ಅಂದು ನನಗೆ ಊಟ ಸೇರಲಿಲ್ಲ. ಆಮೇಲೆ ಪ್ರಯೋಗಾಲಯದ ಮುಖ್ಯಸ್ಥರೇ ನಿಯಮ ಮಾಡಿದರು: ತೇವದ ಮಾಪಕ ಕೆಂಪು ಗೆರೆಯ ಕೆಳಗಿಳಿದು ಆರು ಗಂಟೆ ಅಲ್ಲೇ ನಿಂತ ಮೇಲೆಯೇ ಒಲೆ ಆರಿಸತಕ್ಕದ್ದು.

ಇಂದು ಬೆಳಿಗ್ಗೆ 8.00ಕ್ಕೆ ಮಾಪಕ ಗೆರೆಯ ಕೆಳಗಿಳಿಯಿತು. 9.10ಕ್ಕೆ ಮುಖ್ಯಸ್ಥರು ಬಂದು, ಮೂರು ಗಂಟೆಗೆ ಅತಿಥಿಗಳು ಬರುತ್ತಾರೆ, ತಣಿಯಲೂ ಹೊತ್ತು ಬೇಕು, ಈಗಲೇ ಒಲೆ ಆರಿಸಿ, ಕೂಲರ್ ಮೇಜಿನ ಮೇಲಿರಬೇಕು ಎಂದರು. ನಿಯಮ ನೆನಪಿಸಿದೆ. ನಿಯಮ ಮಾಡಿದವನಿಗೇ ನಿಯಮ ಹೇಳ್ತೀರಾ ಎಂದರು. ಹೌದು ಎಂದೆ. ನಿಮ್ಮ ಕೆಲಸ ಹೋಗುತ್ತೆ, ಹುಷಾರು ಎಂದರು. ಹೋದರೆ ಹೋಗಲಿ ಎಂದೆ. ಅವರು ಫೋನ್ ಮಾಡಲು ಹೊರಗೆ ಹೋದಾಗ ಒಲೆಯ ಕೋಣೆಗೆ ಬೀಗ ಹಾಕಿದೆ. ನಂತರ ಮನೆಗೆ ಹೋಗಿ 9.35ಕ್ಕೆ ಮರಳಿದೆ.

ಎರಡನೇ ಕೀಲಿ ಮುಖ್ಯಸ್ಥರದು. ಎಲ್ಲಿಟ್ಟಿದ್ದಾರೋ ಅವರಿಗೇ ಗೊತ್ತಿಲ್ಲ. ಬಾಗಿಲು ಒಡೆದರೆ ಧೂಳು ನುಗ್ಗುತ್ತದೆ, ಕರೆಂಟ್ ತೆಗೆದರೆ ಒಲೆಯ ಗಾಳಿ ಎಳೆಯುವ ಪಂಪ್ ನಿಲ್ಲುತ್ತದೆ. ಇದು ಅವರಿಗೂ ಗೊತ್ತು. ಆದ್ದರಿಂದ ಕೂಲರನ್ನು ನಾನು ಕದ್ದಿದ್ದೇನೆ ಎಂದು ದೂರು ಕೊಟ್ಟರು. ಕದ್ದಿಲ್ಲ. ಅದು ಒಲೆಯಲ್ಲಿ ಬೇಯುತ್ತಿದೆ.

11.40ಕ್ಕೆ ಅತ್ತೆ ಠಾಣೆಗೆ ಊಟದ ಡಬ್ಬಿ ತಂದರು. ಸೊಸೆಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಬೇಯೋತನಕ ಕಾದೋರಿಗೆ ಆರೋತನಕ ಕಾಯೋಕಾಗಲ್ವಾ, ಬುದ್ಧಿ ಅವರಿಗೆ ಹೇಳಪ್ಪ ಎಂದು ಅತ್ತೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತರು.

ಕೀಲಿ ಎಲ್ಲಿ ಎಂದು ನನ್ನನ್ನು ಹಲವು ಸಲ ಕೇಳಲಾಯಿತು. ಹೇಳಿಕೆ ಮುಗಿದ ಮೇಲೆ ಹೇಳುತ್ತೇನೆ ಎಂದೆ. ನಿಧಾನವಾಗಿ ಬರೆಯಿರಿ ಎಂದು ಹೆಡ್ ಕಾನ್ಸ್‌ಟೇಬಲ್ ಅವರಲ್ಲಿ ವಿನಂತಿಸಿದೆ. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದೆ. ಆಗ 1.45. ಅವರು ಗೋಡೆ ಗಡಿಯಾರ ನೋಡಿ, ಇನ್ನೊಂದ್ಸಲ ಓದ್ಲಾ ಮೇಡಂ ಎಂದು ತಾವೇ ಕೇಳಿದರು. ಓದಿ ಎಂದೆ.

ಈಗ 2.00. ಕೀಲಿ ಬೆಳಿಗ್ಗೆಯಿಂದ ಅತ್ತೆಯ ಕೈಚೀಲದಲ್ಲಿದೆ. ಅವರನ್ನು ಯಾರೂ ಕೇಳಲಿಲ್ಲ. ಮಾಪಕ ಅಲ್ಲೇ ನಿಂತಿದೆಯೇ ಎಂಬುದು ಇಲ್ಲಿಂದ ಕಾಣದು, ನನಗಿರುವ ಭಯ ಅದೊಂದೇ. ಅದು ತನ್ನ ಏರಿಳಿತವನ್ನು ತಾನೇ ದಾಖಲಿಸಿರುತ್ತದೆ. ಮುಖ್ಯಸ್ಥರೂ ಬರಲಿ, ಒಟ್ಟಿಗೆ ನೋಡೋಣ. ಮೇಲೇರಿದ್ದರೆ ಮತ್ತೆ ಆರು ಗಂಟೆ, ಮತ್ತೆ ಬೀಗ.

ಮೇಲಿನದೆಲ್ಲ ನಡೆದದ್ದೇ. ಇದರಲ್ಲಿ ಒಂದು ಮಾತನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ.

ಸ್ಥಳ: ಠಾಣೆ
ದಿನಾಂಕ: ದೂರಿನ ದಿನವೇ
ಸಹಿ: ಹಿರಿಯ ಎಂಜಿನಿಯರ್ (ಈ ಹೊತ್ತಿನವರೆಗೂ)