ಮಣ್ಣಿನ ಗೋಡೆಗೆ ಸಿಮೆಂಟು

೧೯೬೮ರ ಒಂದು ಬೆಳಿಗ್ಗೆ ಜತ್ತದ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಪಕ್ಕದಲ್ಲಿ ಬೀರವ್ವ ಎಂಬಾಕೆ ಗೋಡೆ ಕಟ್ಟುವ ಗೌಂಡಿ ಗುಲಾಬನನ್ನು ತಡೆದು ನಿಲ್ಲಿಸಿಕೊಂಡಿದ್ದಳು.

"ಗುಲಾಬಣ್ಣಾ, ನೀ ಗ್ವಾಡಿ ತೂತಿಗೆ ತುಂಬಿದ ಸಿಮೆಂಟ್ ಮತ್ತ ಉದುರೇತಿ. ಇದು ಮೂರನೇ ಸಲ!"

"ಮಣ್ಣಿನ ಗ್ವಾಡಿ ಸಿಮೆಂಟ್ ಹಿಡಿಯೂದಿಲ್ರಿ ಅಕ್ಕಾರ. ಹೊಟ್ಟು ಕಲಸಿದ ಮಣ್ಣ ಬೇಕು."

"ಮತ್ತ ಅದನ್ನ ಯಾಕ ಹಚ್ಚಲಿಲ್ಲ?"

"ನಿಮ್ಮ ಮನಿಯವ್ರು ಕೇಳಬೇಕಲ್ರಿ? ಸರಕಾರಿ ಪರ್ಮಿಟ್ ಮ್ಯಾಲ ತಂದ ಸಿಮೆಂಟ್ ಐತಿ, ಅದನ್ನ ಹಚ್ಚು ಅಂತಾರ."

"ನಿನ್ನೆ ಆ ತೂತಿನ್ಯಾಗಿಂದ ಚೇಳ ಬಂದು ಸೊಸಿಗೆ ಕಡೀತು. ಕೂಸಿನ ತೊಟ್ಟಲಾನೂ ಅಲ್ಲೇ ಐತಿ!"

"ಈಗ ಹ್ಯಾಂಗದಾಳ್ರಿ?"

"ಕೈ ಬಾತೈತಿ. ಜೀವಕ್ಕ ಧೋಕಾ ಇಲ್ಲ."

"ಇವತ್ತ ಮಣ್ಣ ಮೆತ್ತತೀನಿ, ನಡೀರಿ. ನಿಮ್ಮ ಮನಿಯವ್ರು ಬೈದ್ರ?"

"ಬೈಲಿ. ಹೊಟ್ಟು ಹಾಕಿ ಮಣ್ಣ ನಾನ ತುಳೀತೀನಿ."

ಇಬ್ಬರೂ ಬೀರವ್ವನ ಊರು ಡಫಳಾಪುರದ ಬಸ್ಸು ಹತ್ತಿದರು.