ಹಾಲುಗಲ್ಲು ಕಣಿವೆಯ ಬೀಸೋ ಕಲ್ಲು

ಕಣಿವೆ ಬುಡದಲ್ಲಿರೋ ಕಲ್ಲುಬಾವಿ ದಾಟಿದಾಗ ಹೊತ್ತು ಮುಳುಗಿ ಒಂದು ಗಂಟೆ ಆಗಿತ್ತು. ಅಲ್ಲಿಗೆ ತೆಂಗಿನ ತೋಟ ಮುಗಿಯುತ್ತೆ. ಅಲ್ಲಿಂದಾಚೆ ದೀಪ ಇಲ್ಲ, ನಾಯಿ ಬೊಗಳೋದೂ ಕೇಳಲ್ಲ. ಬರೀ ಗುಡ್ಡ… ಅದರ ಮಧ್ಯೆ ಕುರಿ ತುಳಿದು ಮಾಡಿದ ಒಂದು ಹಾದಿ.

ನಡೀತಿದ್ದೋಳು ಬೋರಕ್ಕ. ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಹಟ್ಟಿಯೋಳೇ, ನಮ್ಮತ್ತೆ ರಂಗಮ್ಮನ ಪಕ್ಕದ ಮನೆ. ಇದು ತೊಂಬತ್ತೆಂಟನೇ ಇಸವಿ ಮಾತು. ಗಂಡ ಎತ್ತಪ್ಪ ತೀರಿಕೊಂಡು ಆಗಲೇ ನಾಲ್ಕು ವರ್ಷ ಆಗಿತ್ತು. ಇರೋ ಒಬ್ಬಳೇ ಮಗಳು ಮಂಜಮ್ಮನ್ನ ಗುಡ್ಡದಾಚೆ ಕೆಂಕೆರೆ ಕಡೆಯ ಹಟ್ಟಿಗೆ ಕೊಟ್ಟಿದ್ರು. ಮನೇಲಿ ಬೋರಕ್ಕ ಮತ್ತೆ ಆರು ಮೇಕೆ. ಮೂರು ದಿನ ಯಾರ ಜೊತೆಗೂ ಮಾತಾಡದೆ ಇದ್ದದ್ದುಂಟು, ನಾಕನೇ ದಿನ ಬಾಯಿ ತೆಗೆದ್ರೆ ಗಂಟಲೇ ಕಟ್ಟಿಕೊಂಡಿರೋದು ಅಂತ ಅವಳೇ ಹೇಳೋಳು.

ಮಗಳಿಗೆ ಚೊಚ್ಚಲು. ಹೆರಿಗೆಗೆ ಕರ್ಕೊಂಬರೋಕೆ ಇನ್ನೂ ಹದಿನೈದು ದಿನ ಅಂತ ಲೆಕ್ಕ ಇತ್ತು. ಆವತ್ತು ಸಾಯಂಕಾಲ ಕೊಬ್ಬರಿ ವ್ಯಾಪಾರದ ಕರಿಬಸವಯ್ಯನವರ ಮನೆಗೆ ಫೋನು ಬಂತು. ಅಳಿಯ ಓಬಳೇಶ್ ಮಾಡಿದ್ದು. ಬೆಳಗ್ಗೆಯಿಂದ ನೋವು ತಿಂತಾವ್ಳೆ, ಅವ್ವನ್ನ ಕರೀರಿ ಅಂತ ಒಂದೇ ಸಮ ಅಳ್ತಾವ್ಳೆ ಅಂದನಂತೆ. ಕೊನೇ ಬಸ್ಸು ಹೋಗಿಬಿಟ್ಟಿತ್ತು. ಬಸ್ಸಾದ್ರೆ ಹುಳಿಯಾರು ಸುತ್ತಿ ಹೋಗಬೇಕು. ಕಣಿವೆ ಹತ್ತಿ ಇಳಿದ್ರೆ ಎರಡೂವರೆ ತಾಸು, ಅಷ್ಟೇ.

ಬೋರಕ್ಕ ಯೋಚನೆ ಮಾಡ್ಲಿಲ್ಲ. ಮೇಕೆಗಳನ್ನ ನಮ್ಮತ್ತೆಗೆ ಒಪ್ಪಿಸಿದ್ಲು. ಬಾಣಂತಿ ಖಾರಕ್ಕೆ ಮೆಣಸು, ಬೆಳ್ಳುಳ್ಳಿ, ಎರಡು ಗಿಟುಕು ಕೊಬ್ಬರಿ, ಕೂಸು ಸುತ್ತೋಕೆ ಒಂದು ಹಳೇ ಸೀರೆ… ಗಂಟು ಕಟ್ಟಿ ತಲೆ ಮೇಲಿಟ್ಟುಕೊಂಡು ಹೊರಟ್ಲು. ರಾತ್ರಿ ಹೊತ್ತು ಹಾಳೂರಿನ ಮೇಲೆ ಹಾಯಬೇಕಲ್ಲೇ ಅಂತ ಅತ್ತೆ ಅಂದದ್ದಕ್ಕೆ, ನನ್ನ ಮಗಳಿಗಿಂತ ಹಾಳೂರು ಹೆಚ್ಚಾ ಅಂದಳಂತೆ.

ಹಾಳೂರು ಅಂದ್ರೆ ಕಣಿವೆ ನೆತ್ತಿ ಮೇಲೆ ಇಪ್ಪತ್ತು ಮನೆಯ ಮೋಟುಗೋಡೆ. ಪ್ಲೇಗು ಬಂದಾಗ ಖಾಲಿಯಾದ ಊರು. ತಾಲ್ಲೂಕು ಆಫೀಸಿನ ಕಾಗದದಲ್ಲಿ ಇವತ್ತಿಗೂ ಬೇಚಿರಾಕ್ ಗ್ರಾಮ, ಅಂದ್ರೆ ದೀಪ ಹಚ್ಚೋರಿಲ್ಲದ ಊರು, ಅಂತ ಇದೆ. ರಾತ್ರೋರಾತ್ರಿ ಬಿಟ್ಟು ಹೋದರಂತೆ. ಹೋಗುವಾಗ ಯಾರನ್ನೋ ಹಿಂದೆ ಬಿಟ್ಟು ಹೋದ್ರು ಅಂತಾರೆ ಹಳಬರು. ಯಾರನ್ನ ಅಂತ ಕೇಳಿದ್ರೆ ಮಾತು ತಿರುಗಿಸ್ತಾರೆ.

ಏರು ಶುರುವಾಯ್ತು. ಕೈಲಿದ್ದ ಬ್ಯಾಟ್ರಿ ಅರ್ಧ ದಾರಿಗೇ ಕೆಂಪಗಾಗಿ ಆರಿಹೋಯ್ತು. ಚುಕ್ಕಿ ಬೆಳಕಿತ್ತು, ಸಾಕು. ಕಾಲಡಿ ಸಣ್ಣ ಕಲ್ಲು ಜಾರಿ ಕೆಳಗೆ ಹೋಗೋದು… ಟಕ್… ಟಕ್ ಟಕ್… ಆಮೇಲೆ ಏನೂ ಇಲ್ಲ. ದೂರದಲ್ಲಿ ಒಂದು ಹಕ್ಕಿ, ಹಲಗೆ ಮೇಲೆ ಬೆರಳು ಬಡಿದಂಗೆ, ಚಕ್ ಚಕ್ ಚಕ್ ಅಂತಿತ್ತು. ಇವಳು ನೆತ್ತಿ ಹತ್ತಿರ ಬರ್ತಿದ್ದಂಗೆ ಅದೂ ನಿಂತಿತು.

ಆಗ ಕೇಳಿಸ್ತು.

ಗರ್ರ್… ಗರ್ರ್… ಗರ್ರ್…

ಬೀಸೋ ಕಲ್ಲು. ಬೋರಕ್ಕ ಹುಟ್ಟಿದಾಗಿಂದ ಕೇಳಿದ ಸದ್ದು, ತಪ್ಪಾಗೋಕೆ ಸಾಧ್ಯವಿಲ್ಲ. ಆದ್ರೆ ಸದ್ದು ಸಲೀಸಾಗಿ ಬರ್ತಿರಲಿಲ್ಲ. ಅರ್ಧ ಸುತ್ತು ಬಂದು ತಡೆಯೋದು, ಮತ್ತೆ ಅರ್ಧ ಸುತ್ತು. ಒಬ್ಬಳೇ ಬೀಸ್ತಾ ಇದಾಳೆ, ಕಲ್ಲು ಭಾರ ಆಗಿದೆ ಅಂತ ಅವಳಿಗೆ ಗೊತ್ತಾಯ್ತು. ಕುರಿ ಮಂದೆ ತಂದೋರು ಯಾರೋ ಬೀಡು ಬಿಟ್ಟಿರಬೇಕು ಅಂದ್ಕೊಂಡ್ಲು. ಆದ್ರೆ ಕುರಿ ವಾಸನೆ ಇಲ್ಲ. ಬೆಂಕಿ ಇಲ್ಲ.

ಹಾದಿ ಆ ಸದ್ದು ಬರ್ತಿದ್ದ ಮನೆಯ ಮೋಟುಗೋಡೆಗೆ ಒತ್ತಿಕೊಂಡೇ ಹೋಗುತ್ತೆ. ಬೇರೆ ದಾರಿ ಇಲ್ಲ. ತಲೆ ತಗ್ಗಿಸಿಕೊಂಡು ದಾಟೋಣ ಅಂತ ನಾಲ್ಕು ಹೆಜ್ಜೆ ಇಟ್ಟಿದ್ಲು. ಕಲ್ಲು ನಿಂತಿತು.

"ಯಾರಕ್ಕ ಅದು…" ಪಿಸುಮಾತು. ಎಳೇ ದನಿ.

ಉತ್ತರ ಕೊಡಬಾರದು ಅಂತ ಎಲ್ಲರಿಗೂ ಗೊತ್ತು. ಬೋರಕ್ಕನಿಗೂ ಗೊತ್ತಿತ್ತು. ಆದ್ರೆ ನೋಡಿ, ಅವಳನ್ನ ಯಾರಾದ್ರೂ ಹಂಗೆ ಕೂಗಿ ಮಾತಾಡಿಸಿ ಎಷ್ಟು ದಿನ ಆಗಿತ್ತೋ. ಬಾಯಿ ತಾನಾಗೇ ತೆರೀತು.

"ನಾನು ಕಣವ್ವ. ಆಚೆ ಹಟ್ಟಿಗೆ ಹೊಂಟಿದೀನಿ."

"ಒಂದ್ಗಳಿಗೆ ಕೈ ಹಾಕಕ್ಕ. ಒಬ್ಬಳ ಕೈಲಿ ಆಗ್ತಾ ಇಲ್ಲ."

ಬೋರಕ್ಕ ಒಳಕ್ಕೆ ಹೋದ್ಲು. ಗಂಟು ಇಳಿಸಿ, ಕತ್ತಲಲ್ಲಿ ತಡಕಾಡಿ, ಕಲ್ಲಿನ ಈಚೆ ಕಡೆ ಕಾಲು ಚಾಚಿ ಕೂತಳು. ಎದುರಿಗೆ ಇದ್ದೋಳ ಮುಖ ಕಾಣ್ತಿರಲಿಲ್ಲ. ಗೂಟ ಹಿಡಿಯೋಕೆ ಹೋದಾಗ ಕೈಗೆ ಕೈ ತಾಗಿತು. ದೆವ್ವದ ಕೈ ತಣ್ಣಗಿರುತ್ತೆ ಅಂತಾರಲ್ಲ… ಆ ಕೈ ಬೆಚ್ಚಗಿತ್ತಂತೆ. ಜ್ವರ ಬಂದೋರ ಕೈ ಹಂಗೆ.

ಗರ್ರ್… ಈಗ ಕಲ್ಲು ಸಲೀಸಾಗಿ ತಿರುಗ್ತು. ಎದುರಿಂದ ಬಳೆ ಸದ್ದು, ಕಿಣಿ… ಕಿಣಿ… ಒಂದು ಸುತ್ತಿಗೆ ಒಂದು ಸಲ. ಬೋರಕ್ಕನಿಗೆ ಹಿಟ್ಟಿನ ಗಿರಣಿ ಬಂದಮೇಲೆ ಹಿಂಗೆ ಎದುರುಬದುರು ಕೂತು ಬೀಸಿದ್ದೇ ಇಲ್ಲ. ಮೈ ಹಗುರಾಯ್ತು. ಮಾತೂ ಬಂತು. ಗಂಡ ಸತ್ತದ್ದು, ಮಗಳನ್ನ ಕಳಿಸಿದ ದಿನ ಹಟ್ಟಿ ಬಾಗಿಲಲ್ಲೇ ಕತ್ತಲಾಗೋವರೆಗೂ ಕೂತದ್ದು, ರಾತ್ರಿ ಮೇಕೆಗಳ ಜೊತೆ ಮಾತಾಡೋದು… ಯಾರಿಗೂ ಹೇಳದೇ ಇದ್ದದ್ದೆಲ್ಲ ಹೇಳಿದ್ಲು. ಆಕೆ ಹೂಂ ಅಂತ ಕೇಳ್ತಾನೇ ಇದ್ಲು. ನಡುವೆ ಒಂದೇ ಮಾತು ಕೇಳಿದ್ದು, ನಿನಗೂ ಯಾರೂ ಇಲ್ವಲ್ಲಕ್ಕ, ಇಲ್ಲೇ ಇದ್ಬುಡಬಾರದಾ ಅಂತ.

ಬೋರಕ್ಕ ಇನ್ನೊಂದು ಹಿಡಿ ರಾಗಿ ಹಾಕೋಕೆ ಪಕ್ಕದಲ್ಲಿದ್ದ ಮೊರಕ್ಕೆ ಕೈ ಇಟ್ಟಳು. ಮೊರ ತುಂಬಿತ್ತು. ಕೂತಾಗ ಎಷ್ಟಿತ್ತೋ ಅಷ್ಟೇ ಇತ್ತು. ಕಲ್ಲಿನ ಸುತ್ತ ನೆಲ ಸವರಿ ನೋಡಿದ್ಲು… ಹಿಟ್ಟೇ ಇಲ್ಲ. ಬರೀ ಮಣ್ಣು.

ಮಗಳ ನೆನಪು ಬಂದದ್ದು ಆಗಲೇ. ಅಲ್ಲಿವರೆಗೂ ಮಗಳೇ ಮರೆತುಹೋಗಿದ್ಲು.

ಓಡಬೇಕು ಅನ್ನಿಸ್ತು, ಆದ್ರೆ ಗೂಟದ ಮೇಲೆ ಅವಳ ಕೈಗೆ ಆ ಕೈ ತಾಗಿಕೊಂಡೇ ಇತ್ತು. ಕಿರುಚಲಿಲ್ಲ, ದೇವರ ಹೆಸರೂ ಹೇಳಲಿಲ್ಲ. ಯಾರ ಮನೆಯಿಂದಾದ್ರೂ ಏಳುವಾಗ ನಾವೆಲ್ಲ ಏನು ಹೇಳ್ತೀವೋ ಅದನ್ನೇ ಹೇಳಿದ್ಲು.

"ಬತ್ತೀನಿ ಕಣವ್ವ."

ಕಲ್ಲು ನಿಂತಿತು. ಬಳೆ ನಿಂತಿತು.

"ಎಲ್ರೂ ಬತ್ತೀನಿ ಅಂತ್ಲೇ ಹೋದ್ರು ಅಕ್ಕ…"

ಬೋರಕ್ಕ ಕತ್ತಲಲ್ಲೇ ಗಂಟಿಗೆ ಕೈ ಚಾಚಿದ್ಲು. ಆಕೆ ಮತ್ತೆ ಕೇಳಿದ್ಲು.

"ನೀನು ಯಾವತ್ತು ಬತ್ತೀಯ?"

"ಮಗಳ ಬಾಣಂತನ ಮುಗಿಸ್ಕಂಡು. ಈ ದಾರೀಲೇ ಬತ್ತೀನಿ. ಹುಟ್ಟೋ ಕೂಸಿನಾಣೆ."

ಗೂಟದ ಮೇಲಿದ್ದ ಆ ಕೈ ಸರೀತು.

ಗಂಟು ಎತ್ತಿಕೊಂಡು ಬಂದ್ಲು. ಹಿಂದೆ ತಿರುಗಲಿಲ್ಲ. ಒಂದ್ಗಳಿಗೆ ಕೂತಿದ್ದೆ ಅಂತಲೇ ಅವಳ ಲೆಕ್ಕ. ಆದ್ರೆ ಆಚೆ ಇಳಿಜಾರು ಇಳಿಯುವಾಗಲೇ ಮೂಡಲು ಬೆಳ್ಳಗಾಗ್ತಿತ್ತು. ಮಗಳ ಮನೆ ಮುಂದೆ ಓಬಳೇಶ್ ಒಲೆಗೆ ನೀರು ಕಾಯೋಕಿಟ್ಟು ಕೂತಿದ್ದ. ಗಂಡು ಕೂಸು ಹುಟ್ಟಿ ಮೂರು ತಾಸಾಗಿತ್ತು. ಹಸುಗೂಸು ಅಂಗೈ ಅಗಲ. ಬದುಕೋದು ಕಷ್ಟ ಅಂದಿದ್ಲಂತೆ ನರ್ಸಮ್ಮ. ಮಂಜಮ್ಮ ಅವ್ವನ್ನ ನೋಡಿ ಗೋಡೆ ಕಡೆ ತಿರುಗಿ ಮಲಗಿದ್ಲು. ಇಡೀ ರಾತ್ರಿ ಕೂಗಿದೆ ಕಣವ್ವ, ಎಲ್ಲಿದ್ದೆ, ಅಂತ ಕೇಳಿದ್ದು ಮಧ್ಯಾಹ್ನದ ಮೇಲೆ. ಬೋರಕ್ಕ ದಾರಿ ತಪ್ಪಿತು ಅಂದ್ಲು. ಹುಟ್ಟಿದಾಗಿಂದ ತುಳಿದ ದಾರಿ ಅದು. ಮಗಳು ನಂಬಲಿಲ್ಲ, ಆದ್ರೆ ಮತ್ತೆ ಕೇಳಲೂ ಇಲ್ಲ.

ಮೂರು ತಿಂಗಳು ಬಾಣಂತನ ಮಾಡಿದ್ಲು. ಕೂಸನ್ನ ಎದೆಗೆ ಕಟ್ಟಿಕೊಂಡೇ ಮಲಗೋಳು. ಕೂಸು ಉಳೀತು, ಕೆನ್ನೆ ತುಂಬ್ತು. ಅದು ನಕ್ಕಾಗೆಲ್ಲ ಅವಳಿಗೆ ಒಳಗೇ ಚುಳುಕ್ ಅನ್ನೋದು, ಕೂಸಿನಾಣೆ ಅಂದಿದೀನಲ್ಲ ಅಂತ. ಮಾತು ತಪ್ಪಿದ್ರೆ ಯಾರ ಮೇಲೆ ಬೀಳುತ್ತೆ? ಹೊರಡೋ ದಿನ ಓಬಳೇಶ್ ಬಸ್ಸಿಗೆ ಹತ್ತಿಸ್ತೀನಿ ಬಾರತ್ತೆ ಅಂತ ಎಷ್ಟೋ ಹೇಳಿದ. ಹಗಲು ಹೊತ್ತು, ನಡ್ಕೊಂಡೇ ಹೋಗ್ತೀನಿ ಬುಡಪ್ಪ ಅಂದ್ಲು.

ಇಳಿಹೊತ್ತಿಗೆ ಹಾಳೂರು ಮುಟ್ಟಿದ್ಲು. ಆ ಗೋಡೆ ಇತ್ತು. ಒಳಗೆ ಸೊಂಟದೆತ್ತರ ಲಂಟಾನ. ಪೊದೆ ಬಗ್ಗಿಸಿ ನೋಡಿದ್ರೆ ಕೆಳಗಲ್ಲು ಮಾತ್ರ ಇದೆ, ಅದೂ ಎರಡು ಹೋಳು. ನಡುವೆ ಒಂದು ಜಾಲಿ ಗಿಡ ಎದ್ದು ತೋಳು ದಪ್ಪ ಆಗಿದೆ. ಅದರ ಮೇಲೆ ಯಾವ ಕಲ್ಲೂ ತಿರುಗಿ ಎಷ್ಟೋ ವರ್ಷ ಆಗಿರಬೇಕು.

ಬೋರಕ್ಕ ಈಚೆ ಕಡೆ ಕೂತ್ಲು. ಹೊತ್ತು ಮುಳುಗ್ತು. ಕತ್ತಲಾಯ್ತು. ಕಾಯ್ತಾ ಇದ್ಲು…

ಏನೂ ಇಲ್ಲ.

ಕಲ್ಲಿನ ಸದ್ದಿಲ್ಲ, ಬಳೆ ಸದ್ದಿಲ್ಲ. ಎಲ್ಲೋ ಕೆಳಗೆ ಲಾರಿಯೊಂದು ಹಾರನ್ ಹೊಡೆದು ಹೋಯ್ತು. ನಡುರಾತ್ರಿ ಮೀರಿರಬೇಕು, ಅವಳೇ ಮೆಲ್ಲಗೆ ಕರೆದ್ಲು.

"ಬಂದಿದೀನಿ ಕಣವ್ವ. ಮಾತು ಕೊಟ್ಟಂಗೆ ಬಂದಿದೀನಿ."

ಯಾರೂ ಹೂಂ ಅನ್ನಲಿಲ್ಲ. ಬೋರಕ್ಕ ಹೇಳಿದ್ದು ಇದು… ಮೊದಲ ದಿನ ಆದದ್ದು ಭಯ, ಆವತ್ತು ಆದದ್ದು ಬೇರೆ. ದೆವ್ವಕ್ಕೂ ಬೇಡವಾದ್ನಲ್ಲ ಅಂತ ಅತ್ಲಂತೆ. ಗಂಡ ಸತ್ತಾಗಲೂ ಹಂಗೆ ಅತ್ತಿರಲಿಲ್ಲವಂತೆ. ಅತ್ತು ಅತ್ತು ಗೋಡೆಗೆ ಒರಗಿ ಅಲ್ಲೇ ನಿದ್ದೆ ಹೋದ್ಲು. ಕನಸು ಕೂಡ ಬೀಳಲಿಲ್ಲ.

ಬೆಳಗ್ಗೆ ಎದ್ದು ಇಳಿದು ಬಂದ್ಲು. ನಮ್ಮತ್ತೆ ಮೇಕೆಗಳಿಗೆ ಸೊಪ್ಪು ಹಾಕ್ತಿದ್ಲು. ಬಂದ್ಯೇನೇ, ಕೂಸು ಹೆಂಗೈತೆ ಅಂತ ಕೇಳ್ತಾ ಸೊಪ್ಪಿನ ಹೊರೆ ಕೆಳಗಿಟ್ಟಳು. ಬೋರಕ್ಕ ಗಂಟು ಇಳಿಸೋಕೆ ಬೆನ್ನು ತಿರುಗಿಸಿದ್ಲು. ಅತ್ತೆ ಅಲ್ಲೇ ನಿಂತುಬಿಟ್ಟಳು.

"ಜಡೆ ಯಾರು ಹಾಕಿದ್ರೇ?"

ಎತ್ತಪ್ಪ ಹೋದಮೇಲೆ ಬೋರಕ್ಕ ಜಡೆ ಹಾಕಿದ್ದೇ ಇಲ್ಲ. ತಲೆಗೂದಲು ಸುತ್ತಿ ಒಂದು ಗಂಟು, ಅಷ್ಟೇ. ಯಾವ ಜಡೆ ಅಂತ ಅವಳು ಬೆನ್ನ ಹಿಂದಕ್ಕೆ ಕೈ ಹಾಕಿ ಮುಟ್ಟಿ ನೋಡ್ಕೊಂಡ್ಲು. ಸಿಕ್ಕು ಬಿಡಿಸಿ, ನುಣ್ಣಗೆ ಬಾಚಿ, ಬಿಗಿಯಾಗಿ ಹೆಣೆದಿತ್ತು. ತುದಿಗೆ ಕತ್ತಾಳೆ ನಾರು ಕಟ್ಟಿತ್ತು. ನಮ್ಮ ಹಟ್ಟೀಲಿ ಆ ತರ ಹೆಣೆಯೋಕೆ ಬರೋರು ಆಗ ಯಾರೂ ಇರಲಿಲ್ಲ.

ಅತ್ತೆ ಬಿಚ್ಚಿಬಿಡ್ತೀನಿ ಬಾ ಅಂತ ನಾರಿಗೆ ಕೈ ಹಾಕಿದ್ಲು. ಬೋರಕ್ಕ ಕೈ ಹಿಡ್ಕೊಂಡ್ಲು.

"ಬುಡು ರಂಗಿ. ಇವತ್ತೊಂದಿನ ಇರ್ಲಿ."

ನಂಬೋದು ಬಿಡೋದು ನಿಮಗೆ ಸೇರಿದ್ದು. ನಮ್ಮತ್ತೆ ಇವತ್ತಿಗೂ ಇದಾಳೆ, ಸುಳ್ಳು ಹೇಳೋ ಹೆಂಗಸಲ್ಲ. ನಾವೆಲ್ಲ ಹಾಕೋದು ಮೂರೆಳೆ ಜಡೆ. ಅದು ಐದೆಳೆ ಇತ್ತು. ಅತ್ತೆ ಬೆರಳಿಟ್ಟು ಎಣಿಸಿದಾಳೆ.