ಗೋಡೆಯಿಂದ ಮಗನನ್ನು ಬಿಡಿಸಿ ತರುವವರು

ಇರುವೆ ಆಕಳಿಸಿದರೂ ಕೇಳಿಸುವ ಕಿವಿ ನನ್ನದು. ಐನೂರು ಜನ ತುಂಬಿದ್ದ ಆ ಬಸ್ಸಿನಲ್ಲಿ ಮುಂದಿನ ಸೀಟಿನ ಅತ್ತೆ-ಸೊಸೆಯ ಮಾತು ನನಗೊಬ್ಬನಿಗೇ ಕೇಳಿಸಿತು. ಅತ್ತೆಯ ತೊಡೆಯ ಮೇಲೆ ಆನೆಗೆ ಸ್ನಾನ ಮಾಡಿಸುವಷ್ಟು ದೊಡ್ಡ ಬಕೆಟ್ಟು, ಸೊಸೆಯ ಕೈಯಲ್ಲಿ ಸ್ಪಂಜು.

“ಅತ್ತೆ, ಪಾರ್ಟಿಯವರು ನೋಡಿದ್ರೆ ಜಗಳಕ್ಕೆ ಬರ್ತಾರೆ.”

“ಬರ್ಲಿ. ಅಂಗಡೀಲಿ ಯಾವನೋ ಗುಂಡು ಹಾರಿಸಿ ನನ್ನ ಮಗ ಸತ್ತಾಗ ಒಬ್ಬನೂ ಬರ್ಲಿಲ್ಲ. ಈಗ ಎಲೆಕ್ಷನ್ ಬಂತು, ಎಲ್ಲ ಗೋಡೆ ಮೇಲಿನ ಪೋಸ್ಟರಲ್ಲೂ ಅವನದೇ ಫೋಟೋ.”

“ಒಬ್ರು ‘ಇವನ ಸಾವಿಗೆ ಸೇಡು, ನಮಗೇ ವೋಟು’ ಅಂತಾರೆ. ಇನ್ನೊಬ್ರು ‘ಇವನ ಕೈಲೂ ಬಂದೂಕಿದ್ದಿದ್ರೆ ಬದುಕ್ತಿದ್ದ’ ಅಂತಾರೆ.”

“ಬಂದೂಕಂತೆ ಬಂದೂಕು! ಕುಕ್ಕರ್ ಕೂಗಿದ್ರೆ ಬೆಚ್ಚಿ ಬೀಳ್ತಿದ್ದ ನನ್ನ ಕಂದ.”

ಸೊಸೆ ನಗುತ್ತಲೇ ಮೂಗು ಒರೆಸಿಕೊಂಡಳು. “ಸ್ಟೌ ಆರಿಸೋಕೂ ನನ್ನನ್ನೇ ಕರೀತಿದ್ರು.”

“ನಿನ್ನೆ ನೀನು ಉಗುರಲ್ಲಿ ಕೆರೆದು ಅವನ ಕೆನ್ನೆ ಹರಿದುಬಿಟ್ಟೆ. ಇವತ್ತು ಚೆನ್ನಾಗಿ ನೆನೆಸಿ, ಮೇಲಿಂದ ನಿಧಾನಕ್ಕೆ ಬಿಡಿಸು. ಅಕ್ಷರ ಹರಿದ್ರೆ ಹರೀಲಿ, ಮುಖ ಹರೀಬಾರ್ದು.”

“ಇಡೀ ಊರಿಂದು ನಾವಿಬ್ರೇ ಕೀಳೋಕಾಗುತ್ತಾ?”

“ಅವರು ಅಂಟಿಸ್ತಾ ಇರ್ಲಿ, ನಾವು ಕೀಳ್ತಾ ಇರೋಣ. ಯಾರಿಗೆ ಸುಸ್ತಾಗುತ್ತೋ ನೋಡ್ತೀನಿ.”

“ನಿಮ್ಮ ವೋಟು ಯಾರಿಗೆ?”

“ಯಾವನು ತಾನಾಗಿ ಬಂದು ತನ್ನ ಪೋಸ್ಟರ್ ಕೀಳ್ತಾನೋ ಅವನಿಗೆ.”

ಬಸ್ಸು ಇನ್ನೂ ನಿಂತಿರಲಿಲ್ಲ. ಬಕೆಟ್ಟು ಐನೂರು ತಲೆಗಳ ಮೇಲೆ ತೇಲಿಕೊಂಡು ಬಾಗಿಲು ಸೇರಿತ್ತು.

“ಅಗೋ ನೋಡು, ಈಗಷ್ಟೇ ಅಂಟಿಸಿ ಹೋಗಿದ್ದಾರೆ. ಅಂಟು ಹಸಿ ಇದ್ದಾಗ್ಲೇ ಬಿಡಿಸಿದ್ರೆ ಪೂರ್ತಿ ಬರ್ತಾನೆ. ಬೇಗ ಇಳಿಯೇ!”